ಕಾಟ್ರಿಜ್ ಬದಲಾದರೆ ಜೀರೋ ನಿಲ್ಲುತ್ತಿಲ್ಲ, ದಾರಿ ಹೇಳಿ

ಸರಸ್ವತಿಪುರಂ_50ಮೀ

ಎಲ್ಲರಿಗೂ ನಮಸ್ಕಾರ. ಮೈಸೂರಿನವನು. ಲೈಸೆನ್ಸ್ ಇರುವ ಪಾಯಿಂಟ್ 22 ಬೋಲ್ಟ್ ಆಕ್ಷನ್ ರೈಫಲ್ ಇದೆ, ಮೇಲೆ ಸ್ಕೋಪ್, ಅದರ ನಾಬಿನ ಒಂದು ಕ್ಲಿಕ್ಕಿಗೆ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು). ರೇಂಜಿನಲ್ಲಿ 50 ಮೀಟರಿಗೆ ಜೀರೋ ಮಾಡುತ್ತಿದ್ದೇನೆ, ಅಂದರೆ ಸ್ಕೋಪ್ ತೋರಿಸಿದ ಕಡೆಯೇ ಗುಂಡು ಬೀಳುವ ಹಾಗೆ ಹೊಂದಿಸುತ್ತಿದ್ದೇನೆ. ಮೂರು ಗುಂಡು ಹೊಡೆಯುವುದು, ಪೇಪರ್ ನೋಡುವುದು, ನಾಬ್ ತಿರುಗಿಸುವುದು, ಮತ್ತೆ ಮೂರು ಹೊಡೆಯುವುದು. ಒಂದು ಸಲ ಎಡಕ್ಕೆ ಹೋಗುತ್ತೆ, ಸರಿ ಮಾಡಿದರೆ ಬಲಕ್ಕೆ ಹೋಗುತ್ತೆ. ಬೇರೆ ಬ್ರಾಂಡ್ ಹಾಕಿದರಂತೂ ಗ್ರೂಪ್ (ಗುಂಡು ಬಿದ್ದ ತೂತುಗಳ ಗುಂಪು) ಪೂರ್ತಿ ಒಂದಿಂಚು ಕೆಳಗೆ.

ದೊಡ್ಡಪ್ಪನ ಮಗ ಟೆಕ್ಸಾಸಿನಲ್ಲಿದ್ದಾನೆ. 6.5 ಕ್ರೀಡ್‌ಮೋರ್ ಅನ್ನುವ ಕಾಟ್ರಿಜ್ ಹೊಡೆಯುವ ದೊಡ್ಡ ರೈಫಲ್ ಇಟ್ಟುಕೊಂಡು 1000 ಗಜ ಹೊಡೆಯುತ್ತಾನೆ, ಕಾಟ್ರಿಜ್ ಎಲ್ಲ ಮನೆಯಲ್ಲೇ ತುಂಬಿಕೊಳ್ಳುತ್ತಾನೆ. ಫ್ಯಾಕ್ಟರಿ ಮಾಲು ಬಿಡು, ನೀನೇ ತುಂಬಿಕೊಂಡರೆ ಜೀರೋ ತಾನಾಗೇ ನಿಲ್ಲುತ್ತೆ ಅಂತಾನೆ. ಅದು ನಮ್ಮಲ್ಲಿ ಆಗುತ್ತಾ? ಆಗದಿದ್ದರೆ ನಾನು ಏನು ಮಾಡಬೇಕು? ಸ್ಕೋಪ್ ಬದಲಿಸಬೇಕಾ?

ಮದ್ದೂರು_ಪ್ರೋನ್

ಸ್ಕೋಪಿಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಸ್ಕೋಪನ್ನು ಹಿಡಿದಿರುವ ರಿಂಗ್ ಮತ್ತು ಬೇಸಿನ ಸ್ಕ್ರೂ ನೋಡಿ, ಆ್ಯಕ್ಷನ್ನನ್ನು (ಬೋಲ್ಟ್ ಕೂರುವ ಲೋಹದ ಭಾಗ) ರೈಫಲಿನ ಹಿಡಿಕೆಗೆ ಬಿಗಿದಿರುವ ಸ್ಕ್ರೂ ಕೂಡ ನೋಡಿ. ಎಷ್ಟು ಬಿಗಿ ಮಾಡಬೇಕು ಅಂತ ತಯಾರಕರೇ ಅಳತೆ ಕೊಟ್ಟಿರುತ್ತಾರೆ, ಅಷ್ಟೇ ಮಾಡಿ. ಆಮೇಲೆ ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗುರಿ ಸರಿದ ಹಾಗೆ ಕಾಣುವುದು. ರೈಫಲನ್ನು ಮರಳು ಚೀಲದ ಮೇಲೆ ಅಲುಗದ ಹಾಗೆ ಇಟ್ಟು, ಮುಟ್ಟದೆ, ತಲೆ ಮಾತ್ರ ಸ್ವಲ್ಪ ಆಚೀಚೆ ಆಡಿಸಿ ನೋಡಿ. ಸ್ಕೋಪಿನೊಳಗಿನ ಅಡ್ಡಗೆರೆ ಗುರಿಯ ಮೇಲೆ ಜಾರಿದರೆ ಪ್ಯಾರಲಾಕ್ಸ್ 50 ಮೀಟರಿಗೆ ಕೂತಿಲ್ಲ ಅಂತ ಅರ್ಥ. ದೊಡ್ಡ ರೈಫಲ್‌ಗೆ ಮಾಡಿದ ಸ್ಕೋಪ್ ಸಾಮಾನ್ಯವಾಗಿ 100 ಗಜಕ್ಕೆ ಕೂರಿಸಿರುತ್ತಾರೆ. ಅದನ್ನು 22ರ ಮೇಲೆ ಹಾಕಿದರೆ ಕೆನ್ನೆ ಇಡುವ ಜಾಗ ಚೂರು ಬದಲಾದರೂ ಗುಂಡು ಬೇರೆ ಕಡೆ ಬೀಳುತ್ತೆ.

ಇದೆಲ್ಲ ಸರಿ ಇದ್ದರೆ ನಿಮ್ಮ ತೊಂದರೆ ಆ ಮೂರು ಗುಂಡಿನ ಲೆಕ್ಕದಲ್ಲಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲೇ ಕಾಟ್ರಿಜ್ ಸುಟ್ಟು ಖಾಲಿ ಮಾಡುತ್ತಾರೆ, ಅದೇನು ಅಗ್ಗದ ವಸ್ತುವಾ? 50 ಮೀಟರಿಗೆ ಒಂದು ಎಂಒಎ ಅಂದರೆ 14.5 ಮಿಲಿಮೀಟರ್. ಕಾಲು ಎಂಒಎ ಕ್ಲಿಕ್ ಅಂದರೆ 3.6 ಮಿಮೀ. ಈಗ ನಿಮ್ಮ ರೈಫಲ್, ಕಾಟ್ರಿಜ್, ನೀವು, ಮೂರೂ ಸೇರಿ ಗುಂಡು ಚದುರುವ ಸ್ಟ್ಯಾಂಡರ್ಡ್ ಡೀವಿಯೇಷನ್ 6 ಮಿಮೀ ಅಂತ ಇಟ್ಟುಕೊಳ್ಳಿ. ಮೂರು ಗುಂಡಿನ ಸರಾಸರಿ ತೆಗೆದರೆ ಆ ಸರಾಸರಿಯೇ ಸುಮಾರು 3.5 ಮಿಮೀ ಆಚೀಚೆ ಓಡಾಡುತ್ತೆ. ಅಂದರೆ ಹತ್ತಿರ ಹತ್ತಿರ ಒಂದು ಕ್ಲಿಕ್, ಕೆಲವು ಸಲ ಎರಡು. ನೀವು ಸರಿ ಮಾಡುತ್ತಿರುವುದು ರೈಫಲನ್ನಲ್ಲ, ಸುಮ್ನೆ ಅದೃಷ್ಟದ ಹಿಂದೆ ಓಡುತ್ತಿದ್ದೀರಿ. ಹತ್ತು ಗುಂಡು ಹೊಡೆದರೆ ಅದೇ ಅನುಮಾನ 1.9 ಮಿಮೀಗೆ ಇಳಿಯುತ್ತೆ, ಅರ್ಧ ಕ್ಲಿಕ್. ಆವಾಗ ನಾಬ್ ಮುಟ್ಟಿ.

ಹಾಗಾಗಿ: ಮೊದಲು 25 ಮೀಟರಿನಲ್ಲಿ ಬೋಲ್ಟ್ ತೆಗೆದು ನಳಿಗೆಯೊಳಗಿಂದ ಗುರಿ ನೋಡಿ, ಸ್ಕೋಪನ್ನು ಅದಕ್ಕೆ ಹೊಂದಿಸಿ. ಒಂದೆರಡು ಗುಂಡು ಹೊಡೆದು ಪೇಪರಿಗೆ ತನ್ನಿ. ಆಮೇಲೆ 50ಕ್ಕೆ ಹೋಗಿ ಹತ್ತು ಹೊಡೆಯಿರಿ, ಮಧ್ಯದಲ್ಲಿ ಏನೂ ತಿರುಗಿಸಬೇಡಿ, ದೂರ ಬಿದ್ದ ಗುಂಡನ್ನೂ ಲೆಕ್ಕಕ್ಕೆ ಸೇರಿಸಿ. ಗ್ರೂಪಿನ ನಡುಭಾಗ ಅಳೆದು ಒಂದೇ ಸಲ ಕ್ಲಿಕ್ ಕೊಡಿ. ಮತ್ತೆ ಹತ್ತು ಹೊಡೆದು ನೋಡಿ.

ಬೆಳಿಗ್ಗೆ ಗಾಳಿ ಏಳುವ ಮುಂಚೆ ಮಾಡಿ. ಅಡ್ಡಗಾಳಿ ಸೆಕೆಂಡಿಗೆ ಎರಡೇ ಮೀಟರ್ ಇದ್ದರೂ 22ರ ಗುಂಡು 50 ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತೆ. ಪೇಪರಿನ ನಡುವಿನ ಹತ್ತು ಅಂಕದ ವೃತ್ತವೇ 10.4 ಮಿಮೀ. ನಮ್ಮ ಕಡೆ ಆಷಾಢದ ಗಾಳಿಯಲ್ಲಿ ಜೀರೋ ಮಾಡಲು ಕೂರುವುದು ವ್ಯರ್ಥ.

ಕುವೆಂಪುನಗರ_ಗುರಿ

ಮದ್ದೂರಿನವರು ಹೇಳಿದ್ದು ಸರಿ. ನಾನು ದೊಡ್ಡಪ್ಪನ ಮಗನ ಮಾತಿಗೆ ಬರುತ್ತೇನೆ.

ಅವರಿಗೆ ಹ್ಯಾಂಡ್‌ಲೋಡ್ (ಮನೆಯಲ್ಲೇ ತುಂಬಿದ ಕಾಟ್ರಿಜ್) ಯಾಕೆ ಬೇಕು ಅಂದರೆ 1000 ಗಜ. 6.5 ಕ್ರೀಡ್‌ಮೋರಿನಲ್ಲಿ 140 ಗ್ರೇನ್ (ಸುಮಾರು 9 ಗ್ರಾಂ) ಗುಂಡು ಸೆಕೆಂಡಿಗೆ 2700 ಅಡಿ ಹತ್ತಿರ ಹೊರಡುತ್ತೆ. ಒಂದು ಗುಂಡಿಗೂ ಇನ್ನೊಂದಕ್ಕೂ 50 ಅಡಿ ವೇಗ ವ್ಯತ್ಯಾಸ ಇದ್ದರೆ 100 ಗಜದಲ್ಲಿ ಅದರಿಂದ ಆಗುವ ಏರಿಳಿತ ಬರೀ ಎರಡು ಮಿಲಿಮೀಟರ್, ಕಣ್ಣಿಗೇ ಬೀಳಲ್ಲ. ಅದೇ 1000 ಗಜಕ್ಕೆ ಹೋದಾಗ ಸುಮಾರು ಒಂದು ಅಡಿ ಮೇಲೆ ಕೆಳಗೆ ಆಗುತ್ತೆ! ಅದಕ್ಕೇ 100 ಗಜದಲ್ಲಿ ಒಂದೇ ತೂತು ಮಾಡುವ ಲೋಡ್ (ಮದ್ದು, ಗುಂಡು, ಕೇಸಿನ ಜೋಡಣೆ) ದೂರದಲ್ಲಿ ಉದ್ದಕ್ಕೆ ಚೆಲ್ಲಾಡುವುದು. ಅವರು ಮದ್ದನ್ನು ತೂಕ ಹಾಕಿ, ಕಾಟ್ರಿಜ್ಜಿನ ಹಿತ್ತಾಳೆ ಕೇಸನ್ನು ಒಂದೇ ಅಳತೆಗೆ ತಂದು, ಗುಂಡು ಕೂರುವ ಆಳ ಒಂದೇ ಇಟ್ಟು, ಕ್ರೋನೋಗ್ರಾಫಿನಲ್ಲಿ ವೇಗ ಅಳೆಯುವುದೆಲ್ಲ ಆ ವ್ಯತ್ಯಾಸ ಇಳಿಸಲು. ಜೀರೋ ಮಾತ್ರ ತಾನಾಗೇ ನಿಲ್ಲಲ್ಲ. ಮದ್ದಿನ ಹೊಸ ಡಬ್ಬ ತೆರೆದರೆ, ಗುಂಡಿನ ತೂಕ ಬದಲಾದರೆ, ಪ್ರೈಮರ್ (ಕಿಡಿ ಹತ್ತಿಸುವ ಬಿಲ್ಲೆ) ಬದಲಾದರೆ ಅವರೂ ಮತ್ತೆ 100 ಗಜಕ್ಕೆ ಬಂದು ಜೀರೋ ನೋಡಲೇಬೇಕು. ಲೋಡ್ ಮೊದಲು ಗಟ್ಟಿ ಮಾಡಿಕೊಳ್ಳುವುದು, ಜೀರೋ ಆಮೇಲೆ. ಲೋಡ್ ಇನ್ನೂ ಹುಡುಕುತ್ತಿರುವಾಗ ಪ್ರತಿ ಸಲ ನಾಬ್ ತಿರುಗಿಸಿದರೆ ಯಾವ ಲೋಡ್ ಎಲ್ಲಿ ಹೊಡೆಯಿತು ಅನ್ನುವ ದಾಖಲೆಯೇ ಹಾಳು.

ಇನ್ನು ನಿಮ್ಮ 22 ರಿಮ್‌ಫೈರ್. ಕಿಡಿ ಹತ್ತುವ ಮಸಾಲೆ ಕೇಸಿನ ಅಂಚಿನ ಒಳಗೇ ಇರುತ್ತೆ, ಪಿನ್ ಬಿದ್ದು ಅಂಚು ನಗ್ಗಿದ ಮೇಲೆ ಅದರ ಕಥೆ ಮುಗಿಯಿತು. ದೊಡ್ಡ ರೈಫಲಿನ ಹಾಗೆ ಪ್ರೈಮರ್ ತೆಗೆದು ಹೊಸದು ಹಾಕಿ ಮತ್ತೆ ತುಂಬುವ ಜಾತಿಯದ್ದಲ್ಲ. ಹಾಗಾಗಿ ಅಣ್ಣನ ಸಲಹೆ ನಿಮ್ಮ ರೈಫಲಿಗೆ ಹೊಂದಲ್ಲ.

ಸರಸ್ವತಿಪುರಂ_50ಮೀ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ರಿಮ್‌ಫೈರ್ ವಿಷಯ ಅರ್ಥ ಆಯಿತು. ಮುಂದೆ ಯಾವತ್ತಾದರೂ ಸೆಂಟರ್‌ಫೈರ್, ಅಂದರೆ ಪ್ರೈಮರ್ ಕೇಸಿನ ನಡುವೆ ಇರುವ ಥರದ್ದು, ತೆಗೆದುಕೊಂಡರೆ? ಕಾಟ್ರಿಜ್ ತುಂಬುವ ಪ್ರೆಸ್, ಡೈ ಎಲ್ಲ ಅಣ್ಣ ಬರುವಾಗ ತಂದುಕೊಡುತ್ತೇನೆ ಅಂತಿದ್ದಾನೆ.

ಕೋವಿಮನೆ_ಮೈಸೂರು

ತಮ್ಮಾ, ಅದನ್ನು ತರಿಸಬೇಡ. ನಾವು ಕೊಡವರು, ಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ಆದರೂ ಆ ವಿನಾಯಿತಿ ತೋಟೆ ತಯಾರಿಸುವುದಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ನಿನ್ನ ಹತ್ತಿರ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್. ಅದನ್ನು ನಂಬಿ ಮನೆಯಲ್ಲಿ ತುಂಬಲು ಕೂತರೆ ನೇರ ಕೇಸು, ರೈಫಲೂ ಹೋಗುತ್ತೆ. ಟೆಕ್ಸಾಸಿನ ಕಾನೂನು ಟೆಕ್ಸಾಸಿಗೆ. ಏನೇ ಅನುಮಾನ ಇದ್ದರೂ ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಬರಹದಲ್ಲಿ ಕೇಳು, ಗೆಳೆಯರ ಮಾತು ಕೇಳಬೇಡ. ಮತ್ತೆ ಜೀರೋ ಮಾಡುವುದು ರೇಂಜಿನಲ್ಲಿ ಮಾತ್ರ, ಯಾರದೋ ಕಬ್ಬಿನ ಗದ್ದೆ ಖಾಲಿ ಇದೆ ಅಂತ ಹೋಗಬೇಡ. 22ರ ಗುಂಡು ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗುತ್ತೆ, ಗದ್ದೆಯ ಆಚೆ ಯಾರಿದ್ದಾರೋ ಯಾರಿಗೆ ಗೊತ್ತು.

ಮದ್ದೂರು_ಪ್ರೋನ್

ಇದನ್ನು ಎಲ್ಲರೂ ಓದಲಿ.

ಮೊದಲ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿಯವರು ತಕ್ಕಡಿಯಲ್ಲಿ ಮಾಡುವ ಕೆಲಸವನ್ನು ನಾವು 22ರಲ್ಲಿ ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದ ಕಂತು) ಆರಿಸಿ ಮಾಡಬೇಕು. ಡಬ್ಬದ ಮೇಲೆ ಲಾಟ್ ನಂಬರ್ ಇರುತ್ತೆ. ಈಲಿ, ಆರ್‌ಡಬ್ಲ್ಯೂಎಸ್, ಎಸ್‌ಕೆ, ನಮ್ಮ ಖಡ್ಕಿ ಕಾರ್ಖಾನೆಯ ಕೆಎಫ್, ಯಾವುದೇ ಬ್ರಾಂಡ್ ಆಗಲಿ, ಒಂದೇ ಹೆಸರಿನ ಎರಡು ಲಾಟ್ ನಿಮ್ಮ ನಳಿಗೆಯಲ್ಲಿ ಬೇರೆ ಬೇರೆ ಥರ ಹೊಡೆಯಬಹುದು. ಸರಾಸರಿ ವೇಗ ಸೆಕೆಂಡಿಗೆ ಹತ್ತು ಮೀಟರ್ ಬದಲಾದರೆ 50 ಮೀಟರಿಗೆ ಸುಮಾರು 7 ಮಿಮೀ ಮೇಲೆ ಕೆಳಗೆ, ಅಂದರೆ ಎರಡು ಕ್ಲಿಕ್. ನಿಮ್ಮ ಒಂದಿಂಚಿಗೆ ವೇಗದ ಜೊತೆ ನಳಿಗೆ ಅದುರುವ ರೀತಿಯೂ ಸೇರಿರುತ್ತೆ.

ಬ್ರಾಂಡ್ ಬದಲಿಸಿದಾಗ ಇನ್ನೊಂದು. ಗುಂಡಿನ ಮೇಲಿನ ಮೇಣ ಒಂದೊಂದರದ್ದು ಒಂದೊಂದು ಥರ. ಹಳೆಯದು ನಳಿಗೆಯಲ್ಲಿ ಅಂಟಿರುತ್ತೆ, ಹೊಸದು ಕೂರುವವರೆಗೆ ಹತ್ತಿಪ್ಪತ್ತು ಗುಂಡು ಬೇಕು. ಅವನ್ನು ಪೇಪರಿನ ಮೂಲೆಗೆ ಹೊಡೆದು ಬಿಡಿ, ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆ ಕ್ಲೀನ್ ಮಾಡಿದ ಮೇಲೂ ಮೊದಲ ಕೆಲವು ಹೀಗೇ ದಾರಿ ತಪ್ಪುತ್ತವೆ.

ಎರಡು ಮೂರು ಲಾಟಿನಲ್ಲಿ ಒಂದೊಂದು ಡಬ್ಬ ತೆಗೆದುಕೊಂಡು ಹತ್ತು ಹತ್ತರ ಗ್ರೂಪ್ ಹೊಡೆಯಿರಿ. ಯಾವುದು ಚಿಕ್ಕದಾಗಿ ಬಂತೋ ಅದೇ ಲಾಟ್ ನಂಬರ್ ಹೇಳಿ, ಲೈಸೆನ್ಸಿನ ಮಿತಿಯೊಳಗೆ ಎಷ್ಟು ಸಿಗುತ್ತೋ ಅಷ್ಟು ತೆಗೆದಿಡಿ. ಆ ಲಾಟಿಗೆ ಜೀರೋ ಮಾಡಿ, ಕ್ಲಿಕ್ ಲೆಕ್ಕ, ದಿನದ ಬಿಸಿಲು, ಗಾಳಿ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಭ್ಯಾಸಕ್ಕೆ ಅಗ್ಗದ ಕಾಟ್ರಿಜ್ ಬೇಕಾದರೆ ಅದಕ್ಕೆ ಎಷ್ಟು ಕ್ಲಿಕ್ ಕೊಡಬೇಕು ಅಂತ ಪಕ್ಕದಲ್ಲೇ ಬರೆಯಿರಿ. ಮ್ಯಾಚಿಗೆ ಹೋಗುವ ಮುಂಚೆ ಆ ಲಾಟಿಗೆ ವಾಪಸ್ ಬಂದು ಹತ್ತು ಹೊಡೆದು ನೋಡಿಕೊಳ್ಳಿ.