ಚಿಕ್ಕಮ್ಮ, ನಾಮಕರಣದ ದಿನದ್ದೇ ಹೇಳ್ತೀನಿ ಕೇಳಿ

ಚಿಕ್ಕಮ್ಮ, ಟೈಪ್ ಮಾಡಿದ್ರೆ ಕೋಪ ಮಾಡ್ಕೊಂಡಂಗೆ ಕಾಣುತ್ತೆ, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಒಲೆ ಮೇಲೆ ಹಾಲಿದ್ರೆ ಇಳಿಸಿಟ್ಟು ಬನ್ನಿ. ‘ಮನೆಯವರಿಗಿಂತ ಓಟ ಹೆಚ್ಚಾಯ್ತೇನೇ’ ಅಂತ ಗ್ರೂಪಲ್ಲೇ ಕೇಳಿದ್ರಿ, ಇಲ್ಲೇ ಹೇಳ್ಬಿಡ್ತೀನಿ.

ನಾಮಕರಣದ ದಿನ ಎಲೆ ಮುಂದೆ ಕೂತು ತೂಕಡಿಸಿದ್ದು ನಿಜ. ಒಬ್ಬಟ್ಟಿಗೆ ತುಪ್ಪ ಹಾಕ್ಲಾ ಅಂತ ಬಡಿಸೋರು ಮೂರು ಸಲ ಕೇಳಿದ್ರಂತೆ. ಪಕ್ಕದ ಅಜ್ಜಿ ‘ಪಾಪ, ಮೈಗೆ ಹುಷಾರಿಲ್ವೇನೋ’ ಅಂದ್ರಂತೆ. ಹುಷಾರಾಗೇ ಇದ್ದೆ. ಮೂರೂವರೆಗೆ ಎದ್ದು 35 ಕಿಲೋಮೀಟರ್ ಓಡಿ, ಸೀರೆ ಸುತ್ಕೊಂಡು ಬಂದಿದ್ದೆ, ಅಷ್ಟೆ.

ಮಾವ, ನೀವು ಕೇಳಿದ ಕಾಮ್ರೇಡ್ಸ್, ಅಂದ್ರೆ ನಾನು ಇಷ್ಟೆಲ್ಲಾ ತಯಾರಿ ಮಾಡ್ತಿರೋ ಓಟ, ಇರೋದು ದಕ್ಷಿಣ ಆಫ್ರಿಕಾದಲ್ಲಿ. ಡರ್ಬನ್‌ಗೂ ಪೀಟರ್‌ಮಾರಿಟ್ಸ್‌ಬರ್ಗ್‌ಗೂ ನಡುವೆ, ಹತ್ತತ್ರ 90 ಕಿಲೋಮೀಟರ್. 1893ರಲ್ಲಿ ಗಾಂಧೀಜಿಯನ್ನ ರೈಲಿಂದ ಕೆಳಗಿಳಿಸಿದ್ರಲ್ಲ, ಅದೇ ಪೀಟರ್‌ಮಾರಿಟ್ಸ್‌ಬರ್ಗ್. 1921ರಲ್ಲಿ ಶುರುವಾದ ಓಟ. ಓಟ ಶುರುವಾಗಿ 12 ಗಂಟೆ ಆದ ತಕ್ಷಣ ಗುಂಡು ಹಾರಿಸ್ತಾರೆ, ಗೆರೆಗೆ ಎರಡು ಹೆಜ್ಜೆ ಇದ್ರೂ ಪದಕ ಇಲ್ಲ. ಅದಕ್ಕೇ ಶನಿವಾರ ಉದ್ದ ಓಡಿ, ಭಾನುವಾರ ಮತ್ತೆ ಅದೇ ನೋಯೋ ಕಾಲಲ್ಲಿ ಓಡ್ಬೇಕು. ದಣಿದ ಮೇಲೂ ಹೆಜ್ಜೆ ಹಾಕೋದನ್ನ ಕಾಲು ಕಲೀಬೇಕಲ್ಲ. ನಮ್ಮ ಕಡೆ ಗೃಹಪ್ರವೇಶ, ಸೀಮಂತ ಎಲ್ಲಾ ಬರೋದೂ ಅವೆರಡೇ ದಿನ, ಏನ್ಮಾಡ್ಲಿ.

ನಿಮ್ಮ ಮಾತಿಗಿಂತ ನಂಗೆ ಚುಚ್ಚಿದ್ದು ಬೇರೆ ಇದೆ. ಕಾಲೇಜಿನ ಗೆಳತಿ ಒಬ್ಳು, ನಮ್ಮನೇಲೇ ಬೆಳೆದಂಗೆ, ನಿಮಗೂ ಗೊತ್ತು. ಅವಳ ಅಮ್ಮನ್ನ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದಾಗ ನಾನು ಒಂಬತ್ತಕ್ಕೇ ಫೋನ್ ಸೈಲೆಂಟಿಗೆ ಹಾಕಿ ಮಲಗಿದ್ದೆ. ಬೆಳಿಗ್ಗೆ ನೋಡಿದ್ರೆ ಎರಡು ಮಿಸ್ಡ್ ಕಾಲ್. ಓಡಿ ಮುಗಿಸಿ ಮಾಡೋಣ ಅಂದ್ಕೊಂಡೆ ನೋಡಿ, ಅದೇ ನಾನು ಮಾಡಿದ ತಪ್ಪು. ಅವಳು ಬೈಲಿಲ್ಲ. ‘ನಿಂಗೆ ಬೆಳಿಗ್ಗೆ ಓಟ ಇರುತ್ತಲ್ಲ ಅಂತ ಮತ್ತೆ ಮಾಡ್ಲಿಲ್ಲ ಕಣೇ’ ಅಂದ್ಳು. ಬೈದಿದ್ರೇ ಚೆನ್ನಾಗಿತ್ತು.

ನಮ್ಮನೆಯವರನ್ನ ಎಲ್ರೂ ‘ಎಷ್ಟು ಸಪೋರ್ಟು’ ಅಂತ ಹೊಗಳ್ತೀರಿ. ಹೌದು. ಆದ್ರೆ ಶನಿವಾರ ಬೆಳಿಗ್ಗೆ ಶಟಲ್ ಆಡ್ತಿದ್ದೋರು ಅವರು. ಮೊನ್ನೆ ಅಟ್ಟದಿಂದ ಬ್ಯಾಟಿನ ಬ್ಯಾಗ್ ತೆಗೆದ್ರೆ ಜಿಪ್ಪು ಬರ್ಲೇ ಇಲ್ಲ, ತುಕ್ಕು. ನನ್ನ ಓಟಕ್ಕೆ ಗಂಟೆ ಎಲ್ಲಿಂದ ಬಂತು ಅಂತ ಆಗ ಹೊಳೀತು.

ಈಗ ಉದ್ದದ ಓಟ ಗುರುವಾರಕ್ಕೆ ಹಾಕ್ಕೊಂಡಿದೀನಿ, ಅವತ್ತು ಆಫೀಸಿಗೆ ಮಧ್ಯಾಹ್ನ ಹೋಗ್ತೀನಿ. ಶನಿವಾರ ಅವರ ಶಟಲ್ಲು. ಫೋನ್ ಸೈಲೆಂಟಲ್ಲಿದ್ರೂ ನಾಲ್ಕು ನಂಬರಿಗೆ ರಿಂಗ್ ಆಗೋ ಹಾಗೆ ಇಟ್ಟಿದೀನಿ, ಒಂದು ನಿಮ್ಮದು. ಭಾನುವಾರದ್ದು ಮಾತ್ರ ಬಿಡಕ್ಕಾಗಲ್ಲ.

ಅದಕ್ಕೇ ಈ ಭಾನುವಾರ ಕೆಂಗೇರಿಯಿಂದ ರಾಮನಗರಕ್ಕೆ, ನಿಮ್ಮನೆಗೇ ಓಡ್ಕೊಂಡು ಬರ್ತೀನಿ. ಇವರು ಮಕ್ಕಳನ್ನ ಕಾರಲ್ಲಿ ಕರ್ಕೊಂಡು ಬಿಡದೀಲಿ ತಟ್ಟೆ ಇಡ್ಲಿ ತಿನ್ನಿಸ್ಕೊಂಡು ಬರ್ತಾರೆ. ಬಂದವಳು ಜಗಲಿ ಮೇಲೆ ಮಲಗಿದ್ರೆ ಬೈಬೇಡಿ, ಆಮೇಲೆ ಎದ್ದು ಪಾತ್ರೆ ಎಲ್ಲಾ ನಾನೇ ತೊಳೀತೀನಿ. ಅಣ್ಣನ ಗೃಹಪ್ರವೇಶಕ್ಕೆ ಎರಡು ದಿನ ಓಟಾನೇ ಇಲ್ಲ, ರಂಗೋಲಿ ನನ್ನದು. ‘ಅವಳು ಬರಲ್ಲ ಬಿಡಿ’ ಅಂತ ಮಾತ್ರ ಯಾರೂ ಅನ್ಬೇಡಿ. ಒಬ್ಬಟ್ಟು ಎರಡು ಎತ್ತಿಟ್ಟಿರಿ, ಹೋದ ಸಲದ್ದು ತಿಂದೇ ಇಲ್ಲ. ಅಯ್ಯೋ ಸ್ಕೂಲ್ ವ್ಯಾನ್ ಬಂತು, ಇಡ್ತೀನಿ.