ಮ್ಯಾಮೊಗ್ರಾಮ್‌ನಲ್ಲಿ ‘4ಎ’ ಅಂತ ಬಂದಿದೆ, ಬಯಾಪ್ಸಿ ಮಾಡಿಸಲೇಬೇಕಾ?

ಪ್ರಶ್ನೆ:
ನಮಸ್ಕಾರ ಮೇಡಂ. ನನಗೆ 47 ವರ್ಷ, ಹಾಸನದ ಹತ್ತಿರ ಇದ್ದೇವೆ. ಎದೆಯಲ್ಲಿ ಗಂಟಿಲ್ಲ, ನೋವಿಲ್ಲ. ತಂಗಿ ಬಲವಂತ ಮಾಡಿದಳು ಅಂತ ಅವಳ ಜೊತೆ ಹೋಗಿ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಿದೆ. ಅವಳದ್ದು ನಾರ್ಮಲ್. ನನ್ನ ರಿಪೋರ್ಟಿನಲ್ಲಿ ಎಡಗಡೆ ಒಂದೇ ಕಡೆ ಗುಂಪಾಗಿ ಮೈಕ್ರೋ ಕ್ಯಾಲ್ಸಿಫಿಕೇಷನ್ ಇದೆ, ಬೈರಾಡ್ಸ್ 4ಎ, ಬಯಾಪ್ಸಿ ಆಗಬೇಕು ಅಂತ ಬರೆದಿದ್ದಾರೆ. ಆ ಕವರನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ಒಂಬತ್ತು ದಿನ ಆಯ್ತು. ರಾತ್ರಿ ಎದ್ದೆದ್ದು ತೆಗೆದು ನೋಡುತ್ತೇನೆ. 4 ಅಂದ್ರೆ ನಾಲ್ಕನೇ ಸ್ಟೇಜಾ? ಎರಡು ವರ್ಷದಿಂದ ಕ್ಯಾಲ್ಸಿಯಂ ಮಾತ್ರೆ ತಗೊಳ್ತಿದ್ದೇನೆ, ಅದರಿಂದ ಹೀಗಾಯ್ತಾ? ಸೂಜಿ ಚುಚ್ಚಿದರೆ ಇಲ್ಲದ್ದೂ ಹರಡುತ್ತೆ ಅಂತ ನಮ್ಮ ಅತ್ತೆ ಹಿಂದೆ ಪಕ್ಕದ ಮನೆಯವರ ವಿಷಯದಲ್ಲಿ ಹೇಳಿದ್ದು ಕಿವಿಯಲ್ಲೇ ಇದೆ. ತಂಗಿಗೆ, ನಮ್ಮ ಮನೆಯವರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಉತ್ತರ (ರೇಡಿಯಾಲಜಿಸ್ಟ್):
ಮೊದಲು ಆ ಕವರನ್ನು ಸೀರೆ ಕೆಳಗಿಂದ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ ತಾಯಿ. ಒಂಬತ್ತು ರಾತ್ರಿ ಹೀಗೆ ಕಳೆದಿದ್ದೀರಿ ಅಂತ ಓದಿ ಸಂಕಟ ಆಯ್ತು.

4 ಅಂದರೆ ಸ್ಟೇಜ್ ಅಲ್ಲವೇ ಅಲ್ಲ. ಸ್ಟೇಜ್ ಹೇಳೋದು ಕ್ಯಾನ್ಸರ್ ಇದೆ ಅಂತ ಖಚಿತವಾದ ಮೇಲೆ. ಬೈರಾಡ್ಸ್ ಅನ್ನೋದು ಫಿಲ್ಮ್ ನೋಡಿದವರಿಗೆ ಎಷ್ಟು ಅನುಮಾನ ಬಂತು ಅಂತ ತಿಳಿಸುವ ನಂಬರು, 0ಯಿಂದ 6ರವರೆಗೆ ಇದೆ. 4ರಲ್ಲೇ ಎ, ಬಿ, ಸಿ ಅಂತ ಮೂರು. ಎ ಅಂದರೆ ಅನುಮಾನ ಕಡಿಮೆ. ಇಂಥ ರಿಪೋರ್ಟ್ ಬಂದ 100 ಹೆಂಗಸರಲ್ಲಿ ಕ್ಯಾನ್ಸರ್ ಸಿಗೋದು 2ರಿಂದ 10 ಜನರಲ್ಲಿ. ಆ ಕೆಲವರಲ್ಲಿ ನೀವಿದ್ದೀರಾ ಇಲ್ವಾ ಅಂತ ಬರೀ ಫಿಲ್ಮ್ ನೋಡಿ ಹೇಳೋಕೆ ನನಗೂ ಆಗಲ್ಲ. ಅದಕ್ಕೇ ಬಯಾಪ್ಸಿ, ಅಂದರೆ ಆ ಜಾಗದಿಂದ ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡೋದು.

ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಸಂಬಂಧ ಇಲ್ಲ. ಹಾಲು, ರಾಗಿ ಯಾವುದನ್ನೂ ಬಿಡಬೇಡಿ. ಮೈಕ್ರೋ ಕ್ಯಾಲ್ಸಿಫಿಕೇಷನ್ ಅಂದರೆ ಸುಣ್ಣದ ಪುಟ್ಟ ಚುಕ್ಕಿಗಳು. ಫಿಲ್ಮಿನಲ್ಲಿ ಇವು ಕರಿ ಬಟ್ಟೆಯ ಮೇಲೆ ಚಿಟಿಕೆ ರವೆ ಚೆಲ್ಲಿದ ಹಾಗೆ ಕಾಣುತ್ತವೆ. ವಯಸ್ಸಾಗ್ತಾ ಬಹಳ ಹೆಂಗಸರಲ್ಲಿ ಇವು ಇರುತ್ತವೆ. ದುಂಡಗೆ, ಅಲ್ಲಲ್ಲಿ ಚದುರಿದ್ದರೆ ನಾವು ತಲೆ ಕೆಡಿಸಿಕೊಳ್ಳಲ್ಲ. ಒಂದೇ ಕಡೆ ಗುಂಪುಗೂಡಿದ್ದರೆ ನಿಂತು ನೋಡ್ತೀವಿ. ಒಂದೊಂದು ಕಾಳೂ ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ನಿಮ್ಮ ಕೈಗೆ ಏನೂ ಸಿಗದಿರೋದು ಅದಕ್ಕೇ.

ಹರಡುವ ಮಾತಿಗೆ ಬರ್ತೀನಿ. ಸೂಜಿ ಬಯಾಪ್ಸಿಯಿಂದ ಕ್ಯಾನ್ಸರ್ ಹರಡಲ್ಲ. ಈ ಭಯ ಹೇಗೆ ಬಂತು ಅಂತ ನನಗನ್ನಿಸೋದು ಹೇಳ್ತೀನಿ: ಗಂಟು ದೊಡ್ಡದಾಗಿ, ಹುಣ್ಣಾದ ಮೇಲೆ ಆಸ್ಪತ್ರೆಗೆ ಬರುವವರು ಎಷ್ಟೋ ಜನ. ಸೂಜಿ ಹಾಕಿದ ಸ್ವಲ್ಪ ದಿನಕ್ಕೆ ಹೋಗಿಬಿಟ್ಟರೆ ಊರವರಿಗೆ ನೆನಪಿರೋದು ಸೂಜಿ ಒಂದೇ. ನಿಮ್ಮ ಅತ್ತೆಯೂ ಹಾಗೇನಾದರೂ ನೋಡಿರಬಹುದು.

ಈ ಕಾಳುಗಳು ಎಷ್ಟೋ ಸಲ ಅಲ್ಟ್ರಾಸೌಂಡಿನಲ್ಲಿ ಕಾಣಲ್ಲ. ಆಗ ಮ್ಯಾಮೊಗ್ರಾಮ್ ಮೆಷಿನ್ನಿನ ಸಹಾಯದಿಂದಲೇ ಸೂಜಿ ಹಾಕ್ತಾರೆ, ಸ್ಟೀರಿಯೋಟ್ಯಾಕ್ಟಿಕ್ ಬಯಾಪ್ಸಿ ಅಂತಾರೆ. ಎಲ್ಲಾ ಊರಲ್ಲೂ ಇರಲ್ಲ, ಬೆಂಗಳೂರಿಗೆ ಹೊರಡೋ ಮುಂಚೆ ‘ಸ್ಟೀರಿಯೋಟ್ಯಾಕ್ಟಿಕ್ ಇದೆಯಾ’ ಅಂತ ಫೋನ್ ಮಾಡಿ ಕೇಳಿ. ಹಲ್ಲು ಕೀಳೋವಾಗ ಕೊಡ್ತಾರಲ್ಲ, ಅಂಥದೇ ಮರಗಟ್ಟಿಸುವ ಇಂಜೆಕ್ಷನ್ ಕೊಡ್ತಾರೆ, ಅದು ಉರಿಯುತ್ತೆ. ಆಮೇಲೆ ಒತ್ತಿದ ಹಾಗೆ ಗೊತ್ತಾಗುತ್ತೆ ಅಷ್ಟೆ. ಹೊಲಿಗೆ ಬೇಕಾಗದಷ್ಟು ಸಣ್ಣ ಗಾಯ. ತುಂಡು ಶ್ಯಾವಿಗೆಯ ಹಾಗೆ ಎಳೆ ಎಳೆಯಾಗಿ ಬರುತ್ತೆ. ಆ ಎಳೆಗಳನ್ನೇ ಎಕ್ಸ್‌ರೇ ತೆಗೆದು ರವೆಕಾಳು ಬಂದಿದೆಯಾ ಅಂತ ನೋಡ್ತಾರೆ. ಒಳಗೆ ಎಳ್ಳುಕಾಳಿನಷ್ಟು ಒಂದು ಕ್ಲಿಪ್ ಬಿಡ್ತಾರೆ, ಮುಂದೆ ಆ ಜಾಗ ಗುರುತು ಸಿಗಲಿ ಅಂತ. ಅವತ್ತೇ ಮನೆಗೆ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ‘ಆಪರೇಷನ್ ಮಾಡಿ ತೆಗೆದುಬಿಡೋಣ’ ಅಂತ ಯಾರಾದರೂ ನೇರ ಅಂದರೆ, ಮೊದಲು ಸೂಜಿಯಲ್ಲಿ ಆಗಲ್ವಾ ಅಂತ ಧೈರ್ಯವಾಗಿ ಕೇಳಿ.

ಅಕಸ್ಮಾತ್ ಏನಾದರೂ ಸಿಕ್ಕರೆ? ಗಂಟಿಲ್ಲದೆ ಬರೀ ಚುಕ್ಕಿಯಾಗಿ ಸಿಗುವ ಕಾಯಿಲೆ ಬಹಳ ಸಲ ಹಾಲಿನ ನಾಳದ ಒಳಗೇ ಇರುತ್ತೆ, ಆಚೆ ಬಂದಿರಲ್ಲ. ಗುಣ ಮಾಡೋಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಇದನ್ನು ಮುಚ್ಚಿಡದೆ ಹೇಳ್ತಿದ್ದೀನಿ, ಯಾಕಂದ್ರೆ ನಿಮ್ಮ ನಿದ್ದೆ ಕೆಡಿಸ್ತಿರೋದು ಇದೇ ಪ್ರಶ್ನೆ ಅಲ್ವಾ?

ಇನ್ನೊಬ್ಬ ಸದಸ್ಯೆ:
ಅಕ್ಕಾ, ನಾನು ಹೋದ ವರ್ಷ ಮಾಡಿಸಿಕೊಂಡೆ, ಅಲ್ಟ್ರಾಸೌಂಡ್ ಹಿಡಿದು. ಸೂಜಿ ಒಳಗೆ ‘ಟಕ್’ ಅಂತ ಸ್ಟೇಪ್ಲರ್ ಹೊಡೆದ ಹಾಗೆ ಸದ್ದಾಗುತ್ತೆ. ಯಾರೂ ಹೇಳಿರಲಿಲ್ಲ, ಬೆಚ್ಚಿಬಿದ್ದೆ. ಒಂದು ವಾರ ಚರ್ಮ ನೇರಳೆ ಹಣ್ಣಿನ ಬಣ್ಣ ಆಗಿತ್ತು. ಬಟ್ಟೆಯಲ್ಲಿ ಐಸ್ ಸುತ್ತಿ ಇಟ್ಟುಕೊಳ್ತಿದ್ದೆ, ಎರಡು ದಿನ ಬಿಂದಿಗೆ ಎತ್ತಲಿಲ್ಲ. ರಿಪೋರ್ಟ್ ಬರೋವರೆಗಿನ ಆರು ದಿನ ಮಾತ್ರ ಕಷ್ಟ. ನನ್ನದು ಫೈಬ್ರೊಅಡಿನೋಮ ಅಂತ ಬಂತು, ಕ್ಯಾನ್ಸರ್ ಅಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೈ ಮುಗೀತೀನಿ. ಮೇಡಂ, ಮಗಳಿಗೆ ಪಿಯುಸಿ ಪರೀಕ್ಷೆ ಇದೆ. ಆರು ತಿಂಗಳು ಬಿಟ್ಟು ಇನ್ನೊಂದು ಸಲ ಮ್ಯಾಮೊಗ್ರಾಮ್ ಮಾಡಿಸಿದ್ರೆ ಆಗಲ್ವಾ?

ಉತ್ತರ (ರೇಡಿಯಾಲಜಿಸ್ಟ್):
ಆರು ತಿಂಗಳು ಕಾಯಬಹುದಾದ್ದು ಬೈರಾಡ್ಸ್ 3ಕ್ಕೆ. 4ಕ್ಕೆ ಕಾಯಬಾರದು. ಎರಡು ಮೂರು ವಾರ ಹೆಚ್ಚು ಕಡಿಮೆ ಆದರೆ ಏನೂ ಆಗಲ್ಲ, ಪರೀಕ್ಷೆಯ ನಡುವೆ ಬಿಡುವಿರೋ ದಿನ ನೋಡಿಕೊಳ್ಳಿ. ಹಣದ ತೊಂದರೆ ಇದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಿ, ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ. ರಿಪೋರ್ಟ್ ಬಂದ ಮೇಲೆ ಫೋನಿನಲ್ಲಿ ‘ಏನಿಲ್ಲ’ ಅಂದರೆ ಸಾಲದು. ಫಿಲ್ಮಿನಲ್ಲಿ ಕಂಡಿದ್ದಕ್ಕೂ ಬಯಾಪ್ಸಿಯಲ್ಲಿ ಬಂದಿದ್ದಕ್ಕೂ ತಾಳೆ ಆಯ್ತಾ ಅಂತ ಡಾಕ್ಟರ್ ಎದುರು ಕೂತು ಕೇಳಿ. ತಾಳೆ ಆಗದಿದ್ದರೆ ಮತ್ತೆ ತೆಗೆಯಬೇಕಾಗುತ್ತೆ.

ಪ್ರಶ್ನೆ ಕೇಳಿದವರು:
ಸರಿ ಮೇಡಂ. ಮುಂದಿನ ಗುರುವಾರ ಮಗಳಿಗೆ ಪರೀಕ್ಷೆ ಇಲ್ಲ. ತಂಗಿ ಬರ್ತೀನಿ ಅಂದಿದ್ದಾಳೆ.

ಉತ್ತರ (ರೇಡಿಯಾಲಜಿಸ್ಟ್):
ಒಳ್ಳೇದಾಯ್ತು. ಮುಂದೆ ಹುಕ್ ಇರೋ ರವಿಕೆ ಹಾಕಿಕೊಳ್ಳಿ, ಅವತ್ತು ಪೌಡರ್ ಬೇಡ. ಮ್ಯಾಮೊಗ್ರಾಮಿನ ಸಿಡಿ ಮರೀಬೇಡಿ.