ಸಹಾಯ ಬೇಕು: ಪೂರ್ತಿ ಬೆಳೆದ ಮರಿಗಳು ಚಿಪ್ಪಿನೊಳಗೇ ಸಾಯುತ್ತಿವೆ

ಫ್ಯಾನ್ ಇರುವ ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ), ಕೋಳಿ ಮೊಟ್ಟೆ. ಶಾಖ 37.5 ಡಿಗ್ರಿ ಸೆಲ್ಸಿಯಸ್; ಇನ್ನೊಂದು ಥರ್ಮಾಮೀಟರ್ ಇಟ್ಟು ತಾಳೆ ನೋಡಿದ್ದಾಗಿದೆ. ತೇವಾಂಶ 18ನೇ ದಿನದವರೆಗೆ ಶೇ. 60, ಆಮೇಲೆ ಮೊಟ್ಟೆ ತಿರುಗಿಸುವುದು ನಿಲ್ಲಿಸಿ ಶೇ. 70. ಹೋದ ಸಲ ಟಾರ್ಚ್ ಹಿಡಿದು ನೋಡಿದರೆ 18ನೇ ದಿನವೂ ಮೊಟ್ಟೆಯೊಳಗಿನ ಗಾಳಿ ಜಾಗ ಚಿಕ್ಕದೇ. ಮೊಟ್ಟೆಯ ತೂಕ ಇಳಿದಿರುವುದು ಶೇ. 8 ಮಾತ್ರ, ಇಳಿಯಬೇಕಾದದ್ದು 11ರಿಂದ 13. ಒಡೆದು ನೋಡಿದರೆ ಮರಿ ಊದಿಕೊಂಡಿದೆ, ಕೊಕ್ಕಿನ ಸುತ್ತ ಅಂಟಂಟು ನೀರು, ಒಳಪೊರೆ ಒಣಗಿಲ್ಲ. ಹಾಗಾಗಿ ತೇವಾಂಶ ಹೆಚ್ಚಾಗಿ ಮೊಟ್ಟೆಯ ನೀರು ಸಾಕಷ್ಟು ಆರಿಲ್ಲ ಅಂತ ಅನುಮಾನ.

ಮುಂದಿನ ಸಲ ಮೊದಲಿಂದಲೇ ಶೇ. 45 ಇಡುತ್ತೇನೆ. ಆದರೆ ಈಗ ಒಳಗಿರುವ 12ನೇ ದಿನದ ಮೊಟ್ಟೆಗಳನ್ನು ಉಳಿಸಿಕೊಳ್ಳಬೇಕು. ನೀರಿನ ತಟ್ಟೆ ತೆಗೆದು ಶೇ. 30–35ಕ್ಕೆ ತಂದರೆ 18ನೇ ದಿನಕ್ಕೆ ಉಳಿದ 6 ದಿನದಲ್ಲಿ ತೂಕ ಸರಿಹೋಗುತ್ತದಾ? ಗಾಳಿಕಿಂಡಿ ಪೂರ್ತಿ ತೆರೆಯಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.